ಪುಸ್ತಕದಲ್ಲಿ ಬಿದ್ದವನು

ಅಯ್ಯುಬನ ಕಾಲು ಒಂದೆಡೆ ನಿಂತದ್ದನ್ನು ಬೀದರಿನಲ್ಲಿ ಕಂಡವರಿಲ್ಲ. ಕೂತರೆ ತೊಡೆ ಅಲುಗಿಸುತ್ತಿದ್ದ, ನಿಂತರೆ ಅತ್ತಿಂದಿತ್ತ ತಿರುಗುತ್ತಿದ್ದ, ಮಾತಾಡುತ್ತ ಮಾತಾಡುತ್ತಲೇ ಮೋಟಾರ್ ಸೈಕಲ್ಲಿಗೆ ಕೀಲಿ ಹಾಕಿಬಿಡುತ್ತಿದ್ದ. ಕಸುಬಿನಲ್ಲೂ ಅದೇ ಹಣೆಬರಹ. ಮೊದಲು ಊರಿನ ಒಂದು ಕನ್ನಡ ಪತ್ರಿಕೆಯ ವರದಿಗಾರನಾದ. ಬೆಳಿಗ್ಗೆ ಗಾಂಧಿ ಗಂಜಿನ ಧಾನ್ಯದ ಪೇಟೆಗೆ ಹೋಗಿ ತೊಗರಿ, ಉದ್ದು, ಹೆಸರಿನ ಧಾರಣೆ ಬರೆದುಕೊಂಡು ಬರಬೇಕು, ಮಧ್ಯಾಹ್ನ ಸರಕಾರಿ ಕಚೇರಿಗಳ ಬಾಗಿಲು ಕಾಯಬೇಕು, ಸಂಜೆ ಎಲ್ಲಿ ಲಾರಿ ಮಗುಚಿತೆಂದು ಕೇಳಿಕೊಂಡು ಓಡಬೇಕು. ವರ್ಷಗಟ್ಟಲೆ ಹೀಗೆ ಓಡಿದವನಿಗೆ ಒಂದು ದಿನ ಎಲ್ಲ ಸಾಕೆನಿಸಿತು. ಕೆಲಸ ಬಿಟ್ಟು ಕಾದಂಬರಿ ಬರೆಯಲು ಕೂತ. ಹೆಂಡತಿ ಜೇಬಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು, ಒಲೆ ಹೇಗೋ ಉರಿಯಿತು. ಕಾದಂಬರಿ ಮುಗಿಯಿತು, ಅಚ್ಚಾಯಿತು, ನಾಲ್ಕು ಜನ ಹೊಗಳಿದರು. ಮತ್ತೆ ಕಾಲು ತಡೆಯಲಿಲ್ಲ. ಅದೇ ಪತ್ರಿಕೆಗೆ ಕ್ರೀಡಾ ಅಂಕಣಕಾರನಾಗಿ ಹಿಂದಿರುಗಿದ. ಈಗ ಭಾನುವಾರಕ್ಕೊಮ್ಮೆ ಕುಸ್ತಿ, ಕಬಡ್ಡಿ, ವಾಲಿಬಾಲು ಎಂದು ಬರೆಯುತ್ತ ತಾಲ್ಲೂಕು ತಾಲ್ಲೂಕು ಸುತ್ತುತ್ತಾನೆ.

ಅವನ ಕಷ್ಟ ಶುರುವಾದದ್ದು ಆ ಕಾದಂಬರಿಯಿಂದ. ಪಾಪ, ಚೆನ್ನಾಗಿ ಬರೆದಿದ್ದ. ಸರಿಯಾಗಿ ಬರೆಯದಿದ್ದರೆ ಯಾವ ತೊಂದರೆಯೂ ಬರುತ್ತಿರಲಿಲ್ಲ.

ಕಾದಂಬರಿಯ ಜೀವವೆಲ್ಲ ಒಂದು ಕುಸ್ತಿಯಲ್ಲಿತ್ತು. ಅಂಥ ಕುಸ್ತಿ ನಿಜವಾಗಿಯೂ ನಡೆದಿತ್ತು, ಭಾಲ್ಕಿಯಲ್ಲಿ, ನಲವತ್ತು ವರ್ಷದ ಕೆಳಗೆ. ಒಂದು ಕಡೆ ಎಕಂಬಾದ ಕುರಿಗಾರರ ಹುಡುಗ ಬಕ್ಕಪ್ಪ; ಔರಾದ್ ಸೀಮೆಯಲ್ಲಿ ಅವನ ಬೆನ್ನಿಗೆ ಮಣ್ಣು ಹಚ್ಚಿದವರೇ ಇರಲಿಲ್ಲ. ಇನ್ನೊಂದು ಕಡೆ ಬೀದರಿನ ಗಂಜಿನಲ್ಲಿ ಚೀಲ ಹೊರುವ ಅಜರ ಪೈಲ್ವಾನ. ಅಜರ ಎದುರಾಳಿಯ ಬಲಗೈ ತನ್ನ ಹೆಗಲ ಮೇಲೆ ಎಳೆದುಕೊಂಡು, ಬೆನ್ನು ತಿರುವಿ, ಅಗಸ ಕಲ್ಲಿಗೆ ಬಟ್ಟೆ ಒಗೆದಂತೆ ಮುಂದಕ್ಕೆ ಒಗೆದುಬಿಟ್ಟ. ಧೋಬಿ ಪಛಾಡ ಎನ್ನುತ್ತಾರೆ ಆ ಡಾವಿಗೆ. ಬಕ್ಕಪ್ಪ ಚಿತ್ತಾದ, ಅಂದರೆ ಎರಡೂ ಭುಜ ಮಣ್ಣಿಗೆ ಹತ್ತಿದವು. ಗೆದ್ದವನಿಗೆಂದು ಇಟ್ಟಿದ್ದ ಬೆಳ್ಳಿಯ ಕಡಗ ಅಜರನ ಕೈಗೆ ಬಂತು.

ಅಜರ ಪೈಲ್ವಾನನೆಂದರೆ ಅಯ್ಯುಬನ ತಾಯಿಯ ಅಣ್ಣ. ಸೋದರಮಾವನ ಹೆಗಲ ಮೇಲೆ ಕೂತು ಆ ಕುಸ್ತಿಯ ಕಥೆಯನ್ನು ಅಯ್ಯುಬ ಎಷ್ಟು ಸಲ ಕೇಳಿದ್ದನೋ ಲೆಕ್ಕವಿಲ್ಲ. ಕಾದಂಬರಿಯಲ್ಲಿ ಎಲ್ಲವನ್ನೂ ಇದ್ದಂತೆಯೇ ಇಟ್ಟ. ಭಾಲ್ಕಿಯ ಕಣ, ಹಲಗೆಯ ಸದ್ದು, ಮಧ್ಯಾಹ್ನದ ಬಿಸಿಲು, ಆ ಡಾವು. ಹೆಸರುಗಳನ್ನು ಮಾತ್ರ ಬದಲಿಸಿದ. ಮತ್ತು ಗೆಲುವನ್ನು. ಅವನ ಪುಸ್ತಕದಲ್ಲಿ ಕುರಿಗಾರರ ಹುಡುಗ ಗಂಜಿನ ಹಮಾಲನನ್ನು ಧೋಬಿ ಪಛಾಡ ಹಾಕಿ ಕೆಡವಿದ.

ಯಾಕೆ ಹಾಗೆ ಮಾಡಿದೆ ಎಂದು ಕೇಳಿದರೆ ಕಥೆಗೆ ಬೇಕಿತ್ತು ಎನ್ನುತ್ತಿದ್ದ. ಸುಳ್ಳು. ನಿಜವಾದ ಕಾರಣ ಅಂಜಿಕೆ. ಮನೆಯಲ್ಲಿ ದಖನಿ ಉರ್ದು ಮಾತಾಡುವವನು ಕನ್ನಡದಲ್ಲಿ ಬರೆಯುತ್ತಾನೆ, ಬರೆದು ತನ್ನ ಮಾವನನ್ನೇ ಗೆಲ್ಲಿಸಿದರೆ ಜನ ಏನಂದಾರು? ತನ್ನವರನ್ನು ತಾನು ಎತ್ತಿ ಹಿಡಿದ ಅಂದಾರು. ವರದಿಗಾರನಾಗಿದ್ದಾಗಲೂ ಅವನಿಗೆ ಇದೇ ರೋಗ. ತನ್ನ ಓಣಿಯ ಸುದ್ದಿಯನ್ನು ಸಣ್ಣದು ಮಾಡಿ ಬರೆಯುತ್ತಿದ್ದ, ಬೇರೆಯವರದನ್ನು ದೊಡ್ಡದು ಮಾಡುತ್ತಿದ್ದ. ತಕ್ಕಡಿ ಸರಿ ಹಿಡಿದಿದ್ದೇನೆಂದು ತೋರಿಸಲು ಹೋಗಿ ಮಾವನ ಗೆಲುವನ್ನೇ ಎತ್ತಿ ಆಚೆ ತಟ್ಟೆಗೆ ಹಾಕಿಬಿಟ್ಟ. ಹಾಕುವಾಗ ತಾನು ಭಾರಿ ನ್ಯಾಯವಂತ ಎಂದು ಖುಷಿಯೂ ಪಟ್ಟ.

ಕಾದಂಬರಿ ಕೊಂಡು ಓದುವವರು ನಮ್ಮ ಕಡೆ ಎಷ್ಟು ಮಂದಿ? ಅದು ಅಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ಔರಾದಿನಲ್ಲಿ ಅಮೋಲ್ ಎಂಬೊಬ್ಬ ತರುಣನಿದ್ದ. ಜಿಮ್ ನಡೆಸುತ್ತಿದ್ದ, ತರುಣರ ಸಂಘ ಕಟ್ಟಿಕೊಂಡಿದ್ದ, ಗಂಟಲು ಚೆನ್ನಾಗಿತ್ತು. ಅವನು ಕುಸ್ತಿಯ ಅಧ್ಯಾಯವನ್ನು ಹಿಂದೆ ಹಲಗೆಯ ಸದ್ದು ಕೂಡಿಸಿ ಗಟ್ಟಿಯಾಗಿ ಓದಿ ವಾಟ್ಸ್ಆ್ಯಪಿಗೆ ಬಿಟ್ಟ. ಎಕಂಬಾದ ನಮ್ಮ ಬಕ್ಕಪ್ಪಜ್ಜನ ಕುಸ್ತಿ ಇದು, ಪತ್ರಿಕೆಯ ಅಯ್ಯುಬ ಸರ್ ಬರೆದದ್ದು, ಎಂದು ಮೊದಲೇ ಹೇಳಿದ್ದ. ಸಂತಪುರದ ಬಸ್ಸಿನಲ್ಲಿ, ಹೊಲದ ಬದುವಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಜನ ಕೇಳಿದರು. ಕಾದಂಬರಿ ಎಂದರೆ ಕಟ್ಟಿದ್ದು ಎಂದು ಯಾರಿಗೆ ಅನಿಸಬೇಕು? ಲಾರಿ ಮಗುಚಿದ್ದನ್ನು ಬರೆದ ಅದೇ ಕೈ ಇದನ್ನೂ ಬರೆದಿದೆ. ತೊಗರಿಯ ಧಾರಣೆಯಲ್ಲಿ ಒಂದು ದಿನವೂ ತಪ್ಪು ಹಾಕದ ಅಯ್ಯುಬ ಕುಸ್ತಿಯಲ್ಲಿ ತಪ್ಪು ಹಾಕುತ್ತಾನೆಯೇ?

ಅಜರ ಪೈಲ್ವಾನ ಈಗ ಚೀಲ ಹೊರುವುದಿಲ್ಲ. ಆದರೂ ದಿನಾ ಗಂಜಿಗೆ ಹೋಗಿ ದಲ್ಲಾಳಿಯೊಬ್ಬನ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂರುವುದು ರೂಢಿ. ಹೊಸ ಹಮಾಲರು ಚಹಾ ಕುಡಿಸಿ ಭಾಲ್ಕಿಯ ಕುಸ್ತಿ ಹೇಳಿಸುತ್ತಿದ್ದರು, ಅವನೂ ಬೇಸರವಿಲ್ಲದೆ ಹೇಳುತ್ತಿದ್ದ. ಒಂದು ದಿನ ಔರಾದ್ ಕಡೆಯ ಲಾರಿ ಡ್ರೈವರನೊಬ್ಬ ಮೊಬೈಲು ತೆಗೆದು ಅಮೋಲನ ಓದು ಹಚ್ಚಿ ಎಲ್ಲರಿಗೂ ಕೇಳಿಸಿದ. ಮುಗಿದ ಮೇಲೆ, ಚಾಚಾ, ಇಷ್ಟು ವರ್ಷ ನಮಗೆ ಉಲ್ಟಾ ಹೇಳುತ್ತ ಬಂದಿರಲ್ಲ, ಬಿದ್ದವರು ನೀವಂತೆ, ಬರೆದವನು ನಿಮ್ಮ ಅಳಿಯನೇ ಅಂತೆ ಎಂದು ನಕ್ಕ. ಸುತ್ತ ಕೂತವರೂ ನಕ್ಕರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಯಾರೋ ಸೇರಿಸಿದರು. ಅಜರ ಚಹಾದ ಕಪ್ಪು ಕೆಳಗಿಟ್ಟು ಎದ್ದು ಬಂದ. ಅಂದಿನಿಂದ ಗಂಜಿನ ಕಡೆ ತಲೆ ಹಾಕಲಿಲ್ಲ.

ಸುದ್ದಿ ಹೇಳಿ ಕಳಿಸಿದವಳು ಅಜರನ ಹೆಂಡತಿ, ಮುಮಾನಿ ವಜೀರಬೀ. ನಿನ್ನ ಮಾಮು ಉಣ್ಣುತ್ತಿಲ್ಲ, ಬಾಗಿಲಾಚೆ ಹೋಗುತ್ತಿಲ್ಲ, ನೀನೇ ಬಂದು ನೋಡು ಎಂದಿದ್ದಳು. ಅಯ್ಯುಬ ಹೋದಾಗ ಮಾಮು ಗೋಡೆಗೆ ಬೆನ್ನು ಆನಿಸಿ ಕೂತಿದ್ದ. ದಖನಿಯಲ್ಲಿ ನಡೆದ ಮಾತನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ.

"ನಿನಗ ಗೊತ್ತಿತ್ತಲ್ಲ, ಯಾರು ಗೆದ್ದಾರಂತ?" ಎಂದು ಮಾಮು ಕೇಳಿದ.

ಗೊತ್ತಿತ್ತು ಎಂದ ಅಯ್ಯುಬ. ಅದು ಕಥೆ, ಅದರಲ್ಲಿರುವವನು ನೀವಲ್ಲ, ಹೆಸರೇ ಬೇರೆ ಎಂದು ವಿವರಿಸಲು ಹೋದ.

"ಕತಿ ಅಂದಮ್ಯಾಲ ಅದರಾಗ ನನ್ನ ಭಾಲ್ಕಿ ಯಾಕ ಹಾಕಿದಿ? ನನ್ನ ಡಾವ ಯಾಕ ಹಾಕಿದಿ? ಬ್ಯಾರೆ ಊರು, ಬ್ಯಾರೆ ಡಾವ ಸಿಗಲಿಲ್ಲೇನು ನಿನಗ?"

ಮಾಮು ಮತ್ತೇನೂ ಬೈಯಲಿಲ್ಲ. ಬೈದಿದ್ದರೆ ಅಯ್ಯುಬನಿಗೆ ಹಗುರಾಗುತ್ತಿತ್ತು. ಜನ್ಮವಿಡೀ ಮಂದಿಯ ಚೀಲ ಹೊತ್ತಿದ್ದೇನೆ, ನನ್ನದು ಅಂತ ಇದ್ದದ್ದು ಅದೊಂದು ಮಧ್ಯಾಹ್ನ, ಅದನ್ನೂ ನೀನು ಕೊಟ್ಟುಬಿಟ್ಟೆ ಎಂದಷ್ಟೇ ಹೇಳಿ ಆ ಕಡೆ ಹೊರಳಿ ಮಲಗಿದ. ತೋರಿಸೋಣವೆಂದರೆ ಕಡಗವೂ ಇರಲಿಲ್ಲ. ಅದನ್ನು ಕರಗಿಸಿ ತಂಗಿಯ ಮದುವೆಗೆ ಕಾಲಿನ ಚೈನು ಮಾಡಿಸಿದ್ದ. ಆ ತಂಗಿಯೇ ಅಯ್ಯುಬನ ತಾಯಿ.

ಅಯ್ಯುಬನಿಗೆ ಮೈಗೆ ಬೆಂಕಿ ಬಿದ್ದಂತಾಯಿತು. ನೆಟ್ಟಗೆ ಪತ್ರಿಕೆಯ ಕಚೇರಿಗೆ ಹೋಗಿ ನಾಗಸೇನನ ಮುಂದೆ ನಿಂತ. ನಾಗಸೇನ ಸುದ್ದಿ ಸಂಪಾದಕ, ಹಳೆಯ ಗೆಳೆಯ. ಈ ವಾರದ ಅಂಕಣದಲ್ಲಿ ನಿಜ ಬರೆಯುತ್ತೇನೆ ಎಂದ ಅಯ್ಯುಬ. ನಾಗಸೇನ ಕನ್ನಡಕ ತೆಗೆದು ಒರೆಸಿದ. ಸುದ್ದಿ ತಪ್ಪಾದರೆ ತಿದ್ದುಪಡಿ ಹಾಕುತ್ತೇವೆ, ಕಥೆ ತಪ್ಪಾದರೆ ಏನು ಹಾಕುವುದು, ಸುಮ್ಮನಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಾರೆ, ಕೆದಕಿದರೆ ಮರೆಯುವುದಿಲ್ಲ ಎಂದ. ಅಯ್ಯುಬ ಕೇಳುವ ಸ್ಥಿತಿಯಲ್ಲಿರಲಿಲ್ಲ. ಬರೆದ. ಕಾದಂಬರಿಯ ಕುಸ್ತಿ ನನ್ನ ಕಲ್ಪನೆ, ಭಾಲ್ಕಿಯಲ್ಲಿ ಅಂದು ಗೆದ್ದವನು ಬೀದರಿನ ಅಜರ ಪೈಲ್ವಾನ ಎಂದು ಸ್ಪಷ್ಟವಾಗಿ ಬರೆದ. ಬರೆದ ದಿನ ಸ್ವಲ್ಪ ಸಮಾಧಾನವಾಯಿತು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಅಂಕಣ ಬಂದ ಮರುದಿನವೇ ಗುಲ್ಲೆದ್ದಿತು. ಅಜರ ಪೈಲ್ವಾನ ಅವನ ಸ್ವಂತ ಮಾಮಾ ಎಂಬುದನ್ನು ಯಾರೋ ಎಲ್ಲೆಡೆ ಹಬ್ಬಿಸಿದರು. ಪುಸ್ತಕ ಬರೆಯುವಾಗ ನಿಜ ಬರೆದ, ಈಗ ಮನೆಯವರು ಕಿವಿ ಹಿಂಡಿದ್ದಾರೆ, ಅದಕ್ಕೆ ಮಾತು ಹೊರಳಿಸಿದ್ದಾನೆ ಎಂದರು. ಇನ್ನೊಂದಿಷ್ಟು ಜನ ಅದಕ್ಕಿಂತ ಕೆಳಗಿಳಿದು, ಅವರು ಅವರವರನ್ನೇ ಎತ್ತಿ ಹಿಡಿಯುವುದಲ್ಲವೇ ಎಂದು ಬರೆದರು. ಯಾವ ಮಾತಿಗೆ ಅಂಜಿ ಅಯ್ಯುಬ ಮಾವನನ್ನು ಕೆಡವಿದ್ದನೋ ಅದೇ ಮಾತು ಈಗ ನಿಜ ಹೇಳಿದ್ದಕ್ಕೆ ಬಂತು. ಸುಳ್ಳು ಬರೆದಾಗ ಊರು ಅವನನ್ನು ನಂಬಿತ್ತು. ಅವನಿಗೆ ಸಿಟ್ಟೂ ಬಂತು, ನಗೆಯೂ ಬಂತು, ಅಳುವೂ ಬಂತು. ಮೇಲಿಂದ ಅಮೋಲ್ ಒಂದು ಪ್ರಕಟಣೆ ಹೊರಡಿಸಿದ. ಮುಂದಿನ ಭಾನುವಾರ ಔರಾದಿನಲ್ಲಿ ಸಂಘದ ಕುಸ್ತಿ ಪಂದ್ಯ, ಅದಕ್ಕೂ ಮೊದಲು ಭಾಲ್ಕಿ ಗೆದ್ದ ಬಕ್ಕಪ್ಪಜ್ಜನಿಗೆ ಸನ್ಮಾನ.

ಕಣ್ಣಾರೆ ಕಂಡವರೊಬ್ಬರು ಬಾಯಿಬಿಟ್ಟರೆ ಸಾಕು ಎಂದುಕೊಂಡು ಅಯ್ಯುಬ ಭಾಲ್ಕಿಗೆ ಹೋದ. ಆ ಕುಸ್ತಿಗೆ ಪಂಚನಾಗಿ ಕಣದಲ್ಲಿ ನಿಂತಿದ್ದ ವೈಜಿನಾಥಪ್ಪ ಇನ್ನೂ ಬದುಕಿದ್ದ. ಹಲ್ಲು ಹೋಗಿದ್ದವು, ಮಾತು ಗಟ್ಟಿಯಾಗಿತ್ತು. ಭಾಲ್ಕಿಯ ಕುಸ್ತಿ ಎಂದ ಕೂಡಲೇ ಮುದುಕನಿಗೆ ಹುರುಪು ಬಂತು. ಬಿಸಿಲು ಹೇಗಿತ್ತು, ಹಲಗೆ ಹೇಗೆ ಬಡಿದರು, ಕುರಿಗಾರರ ಹುಡುಗ ಬೆನ್ನು ತಿರುವಿದ್ದು ಹೇಗೆ, ಹಮಾಲ ಗಾಳಿಯಲ್ಲಿ ತಿರುಗಿ ಬಿದ್ದದ್ದು ಹೇಗೆ, ಎಲ್ಲ ಹೇಳಿದ. ಮುದುಕ ಹೇಳುತ್ತಿದ್ದದ್ದು ಅಯ್ಯುಬ ಬರೆದ ವಾಕ್ಯಗಳು. ಬಿದ್ದವನು ಒಂದು ಗಳಿಗೆ ಆಕಾಶವನ್ನು ಗುರುತು ಹಿಡಿಯಲಿಲ್ಲ ಎಂಬ ಮಾತನ್ನು ಅಯ್ಯುಬ ಜೇಬಾಳಿಗೆ ಓದಿ ತೋರಿಸಿ ಮೂರು ಸಲ ತಿದ್ದಿದ್ದ. ಅದೂ ಬಂತು, ಒಂದು ಅಕ್ಷರ ತಪ್ಪದೆ; ಅಮೋಲನ ಓದು ಭಾಲ್ಕಿಗೂ ಮುಟ್ಟಿತ್ತು.

ಯಜಮಾನರೇ, ನೀವು ಎತ್ತಿ ಹಿಡಿದದ್ದು ಅಜರ ಪೈಲ್ವಾನನ ಕೈಯಲ್ಲವೇ, ಚೆನ್ನಾಗಿ ನೆನಪು ಮಾಡಿಕೊಳ್ಳಿ ಎಂದು ಅಯ್ಯುಬ ಬೇಡಿಕೊಂಡ. ವೈಜಿನಾಥಪ್ಪ ತನ್ನ ಬಲಗೈ ಎತ್ತಿ ಅದನ್ನೇ ಸ್ವಲ್ಪ ಹೊತ್ತು ನೋಡಿದ.

"ಒಬ್ಬರ ಕೈ ಎತ್ತಿದ್ದು ಖರೆ ಅದರಿ. ಯಾರದು ಅಂಬೋದು ಈಗ ಹ್ಯಾಂಗ ಹೇಳಬೇಕು? ನೀವೇ ಬರ್ದೀರಿ, ಮತ್ತ ನನಗ್ಯಾಕ ಕೇಳ್ತೀರಿ?"

ಹೋದ ಪುಟ್ಟ ಬಂದ ಪುಟ್ಟ. ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಅಯ್ಯುಬ ಒಂದು ಬಸ್ಸು ಹತ್ತಿ ಇಳಿದ, ಇನ್ನೊಂದು ಹತ್ತಿ ಇಳಿದ. ಬೀದರಿಗೆ ಹೋಗಿ ಮಾಮುವಿನ ಮುಖ ನೋಡುವ ಧೈರ್ಯವಿರಲಿಲ್ಲ. ಕೊನೆಗೆ ಔರಾದಿನ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋದಲ್ಲಿ ಎಕಂಬಾಕ್ಕೆ ಹೋದ. ಇಡೀ ಜಗತ್ತು ಮರೆತರೂ ಬಿದ್ದವನಿಗೆ ಬಿದ್ದದ್ದು ಮರೆಯುವುದಿಲ್ಲ, ಬಕ್ಕಪ್ಪ ಒಂದು ಮಾತು ಹೇಳಿದರೆ ಎಲ್ಲ ಮುಗಿಯಿತು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಬಕ್ಕಪ್ಪ ಹಟ್ಟಿಯ ಮುಂದೆ ಕುರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ. ಎತ್ತರದ ಆಳು, ಈಗ ಸೊಂಟ ಬಾಗಿತ್ತು. ಯಾರೆಂದು ತಿಳಿದ ಕೂಡಲೇ ಕಂಬಳಿ ಹಾಸಿ ಕೂರಿಸಿದ, ಸೊಸೆಗೆ ಕೂಗಿ ಚಹಾ ಮಾಡಿಸಿದ. ಪುಸ್ತಕ ಬರೆದ ಸರ್ ತನ್ನ ಮನೆಗೆ ಬಂದದ್ದು ಅವನಿಗೆ ನಿಜವಾಗಿ ಸಂತೋಷವಾಗಿತ್ತು. ಅಯ್ಯುಬ ಚಹಾ ಕುಡಿದು, ಬಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡಿದ್ದ ಮಾತನ್ನು ಹೊರಗೆ ಹಾಕಿದ. ಅಂದು ಗೆದ್ದವನು ಯಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ನೀವು ಆ ಸನ್ಮಾನಕ್ಕೆ ಹೋಗಬೇಡಿ ಎಂದ.

ಬಕ್ಕಪ್ಪ ಮತ್ತೆ ಆ ಕುರಿಯನ್ನು ಹಿಡಿದು ಉಳಿದ ಮುಳ್ಳು ಕಿತ್ತ. ಕುರಿಯ ಕಾಲು ಬಿಟ್ಟ, ಅದು ಕುಂಟುತ್ತ ಹೋಗಿ ಗುಂಪು ಸೇರಿತು.

"ನಾ ಗೆದ್ದೇನಿ ಅಂತ ಎಲ್ಲೂ ಅಂದಿಲ್ಲ ಸರ. ಬಿದ್ದೇನಿ ಅನ್ನೋದು ಬಿಟ್ಟೀನಿ, ಅಷ್ಟೇ," ಎಂದ.

ಆಮೇಲೆ ತಾನಾಗಿಯೇ ಹೇಳುತ್ತ ಹೋದ. ಆ ಕುಸ್ತಿಯಾದ ಮೇಲೆ ಊರಿನಲ್ಲಿ ಅವನ ಹೆಸರು ಚಿತ್ ಬಕ್ಕ್ಯಾ ಆಯಿತು. ಹೆಣ್ಣು ಕೇಳಲು ಹೋದಲ್ಲಿ ಅದೇ ಹೆಸರು ಮುಂದೆ ಹೋಗಿತ್ತು. ಮಗ ಸಾಲಿಗೆ ಹೋದರೆ ಚಿತ್ ಬಕ್ಕ್ಯಾನ ಮಗ ಅಂದರು, ಮಗ ಅದೇ ಸಿಟ್ಟಿಗೆ ಸಾಲಿ ಬಿಟ್ಟ. ಅಮೋಲನ ಓದು ಬಂದ ಮೇಲೆ ಆ ಹೆಸರು ಒಮ್ಮೆಯೂ ಕಿವಿಗೆ ಬಿದ್ದಿಲ್ಲ. ಮೊನ್ನೆ ಸಂತಪುರದ ಬಸ್ಸಿನಲ್ಲಿ ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟ. ಮಗ ಈಗ ಅಪ್ಪನ ಫೋಟೋ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ. ಒಮ್ಮೊಮ್ಮೆ ಕುರಿ ಹೊಡೆದುಕೊಂಡು ಹೋಗುವಾಗ, ಗೆದ್ದೇ ಇದ್ದೆನೇನೋ, ನಾನೇ ಮರೆತಿದ್ದೆನೇನೋ ಎಂದು ತನಗೂ ಅನಿಸುತ್ತದೆ ಎಂದು ಹೇಳಿ ಬಕ್ಕಪ್ಪ ನಾಚಿಕೊಂಡ.

ಆ ಮುಖ ನೋಡುತ್ತ ಇನ್ನೊಮ್ಮೆ ಬೇಡಿಕೊಳ್ಳಲು ಅಯ್ಯುಬನಿಗೆ ಆಗಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಗತಿ. ತನ್ನ ಪುಸ್ತಕ ಒಬ್ಬ ಮುದುಕನನ್ನು ಮನೆಯೊಳಗೆ ಕೂರಿಸಿತ್ತು, ಇನ್ನೊಬ್ಬನನ್ನು ಮನೆಯಿಂದ ಹೊರಗೆ ಕರೆದಿತ್ತು. ಯಾರ ಪರ ಮಾತಾಡಿದರೂ ಒಬ್ಬನ ಕುತ್ತಿಗೆ ಹಿಡಿದಂತೆಯೇ. ಆದರೆ ಮಾಮು ಅನ್ನ ಬಿಟ್ಟಿದ್ದ. ಅಯ್ಯುಬನಿಗೆ ಕೊನೆಗೂ ಕಣ್ಣ ಮುಂದೆ ಬಂದದ್ದು ಅದೊಂದೇ.

ಭಾನುವಾರ ಬೆಳಿಗ್ಗೆ ಅಜರ ಪೈಲ್ವಾನ ಬಿಳಿ ಜುಬ್ಬಾ ತೊಟ್ಟು ಅಯ್ಯುಬನ ಮನೆಯ ಬಾಗಿಲಿಗೆ ಬಂದು ನಿಂತ. ಔರಾದಿಗೆ ಕರೆದುಕೊಂಡು ಹೋಗು ಎಂದ. ವಜೀರಬೀ ಹಿಂದೆಯೇ ಬಂದು, ಈ ವಯಸ್ಸಿನಲ್ಲಿ ಮಂದಿಯ ಬಾಯಿಗೆ ಬೀಳಲು ಯಾಕೆ ಹೋಗುವುದು ಎಂದು ಗೋಗರೆದಳು. ಅವನು ಕೇಳಲಿಲ್ಲ. ಏನೂ ಮಾಡುವುದಿಲ್ಲ, ಸುಮ್ಮನೆ ನೋಡುತ್ತೇನೆ, ನನ್ನ ಗೆಲುವು ಇನ್ನೊಬ್ಬನ ಮೈಮೇಲೆ ಹೇಗೆ ಕಾಣುತ್ತದೆಂದು ನೋಡಬೇಕು ಎಂದ. ಬಸ್ಸಿನಲ್ಲಿ ಅಯ್ಯುಬ ಕಿಟಕಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಹಿಂದೆ ಕೂತವರು ರೇಗಿದರು.

ಔರಾದಿನ ಬಯಲಿನಲ್ಲಿ ಮಣ್ಣು ಹದ ಮಾಡಿ ಕಣ ಕಟ್ಟಿದ್ದರು. ಸುತ್ತ ಜನವೋ ಜನ. ವೇದಿಕೆಯ ಹಿಂದೆ ಬಕ್ಕಪ್ಪನ ಮುಖದ ಬ್ಯಾನರು, ವೇದಿಕೆಯ ಮೇಲೆ ಹೊಸ ರುಮಾಲು ಸುತ್ತಿದ ಬಕ್ಕಪ್ಪ. ಮುಂದಿನ ಸಾಲಿನಲ್ಲಿ ಸುತ್ತಲ ಗರಡಿ, ತಾಲೀಮುಗಳ ಹಳೆಯ ಪೈಲ್ವಾನರು ಕೂತಿದ್ದರು. ಅಜರ ಜನರ ಹಿಂದೆ ಒಂದು ಬೇವಿನ ಮರದ ಬುಡದಲ್ಲಿ ಕೂತ. ಅಯ್ಯುಬನೂ ಅಲ್ಲೇ ಅಡಗಿ ಕೂರುವವನಿದ್ದ, ಅಷ್ಟರಲ್ಲಿ ಅಮೋಲನ ಕಣ್ಣಿಗೆ ಬಿದ್ದ. ಪುಸ್ತಕ ಬರೆದ ಸರ್ ಬಂದಿದ್ದಾರೆ ಎಂದು ಮೈಕಿನಲ್ಲಿ ಕೂಗಿ, ಇಬ್ಬರನ್ನು ಕಳಿಸಿ, ಬೇಡವೆಂದರೂ ಎಳೆದುಕೊಂಡು ಹೋಗಿ ಬಕ್ಕಪ್ಪನ ಪಕ್ಕದ ಕುರ್ಚಿಯಲ್ಲೇ ಕೂರಿಸಿದರು. ಬಕ್ಕಪ್ಪ ಅವನ ಕಡೆ ನೋಡಲಿಲ್ಲ. ಎರಡೂ ಕೈ ಮೊಣಕಾಲ ಮೇಲಿಟ್ಟು ಕಣದ ಮಣ್ಣನ್ನೇ ನೋಡುತ್ತಿದ್ದ.

ಎರಡು ಮಾತು ಹೇಳಿ ಎಂದು ಮೈಕು ಅಯ್ಯುಬನ ಕೈಗೆ ಬಂತು. ಅವನಿಗೆ ಜನರ ತಲೆಗಳ ಮೇಲಿಂದ ಬೇವಿನ ಬುಡದ ಬಿಳಿ ಜುಬ್ಬಾ ಮಾತ್ರ ಕಾಣುತ್ತಿತ್ತು.

"ಆ ಕುಸ್ತಿ ನಾ ಕಟ್ಟಿ ಬರದಿದ್ದರಿ. ಭಾಲ್ಕ್ಯಾಗ ಗೆದ್ದಾಂವ ಅಜರ ಪೈಲ್ವಾನ," ಎಂದುಬಿಟ್ಟ.

ಜನ ಹೋ ಎಂದರು. ಮಾಮಾ, ಮಾಮಾ ಎಂದು ನಾಲ್ಕು ಕಡೆಯಿಂದ ಕೂಗು ಎದ್ದಿತು, ಸಿಳ್ಳೆ ಬಿದ್ದವು. ಅಮೋಲ್ ಚತುರ. ನಗುತ್ತಲೇ ಮೈಕು ಕಸಿದುಕೊಂಡು, ಸರ್‌ಗೂ ಮನೆ ಇದೆ, ಮನೆಯೊಳಗೆ ಮಾಮಾನ ಮುಖ ನೋಡಬೇಕಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದ. ಜನ ನಕ್ಕರು. ಆಮೇಲೆ, ಬಾಯಿ ಮಾತು ಯಾಕೆ, ಪುಸ್ತಕ ಯಾಕೆ, ಅಜ್ಜ ಇಲ್ಲೇ ಇದ್ದಾನೆ, ಕಣವೂ ಇಲ್ಲೇ ಇದೆ, ಆ ಡಾವು ಹಾಕಿ ತೋರಿಸಲಿ, ಹಾಕಿದವನ ಮೈಗೆ ಅದು ಮರೆಯುತ್ತದೆಯೇ ಎಂದ. ಅವನಿಗೆ ಬಕ್ಕಪ್ಪನ ಮೇಲೆ ಅಷ್ಟು ನಂಬಿಕೆಯಿತ್ತು. ಹುಡುಗರು ಚಪ್ಪಾಳೆ ತಟ್ಟಿದರು. ಬೇಡ ಎನ್ನುವುದಕ್ಕೆ ಬಕ್ಕಪ್ಪನಿಗೆ ದಾರಿಯೇ ಉಳಿಯಲಿಲ್ಲ.

ಅವನು ರುಮಾಲು ಬಿಚ್ಚಿ ಕುರ್ಚಿಯ ಮೇಲಿಟ್ಟ. ಚಪ್ಪಲಿ ಬಿಟ್ಟು ಕಣಕ್ಕಿಳಿದ. ಒಂದು ಹಿಡಿ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡ. ಸಂತಪುರದ ತಾಲೀಮಿನ ತರುಣ ಪೈಲ್ವಾನನೊಬ್ಬ ಎದುರಿಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿ, ಹಿಡಿಯಲು ಬಲಗೈ ಮುಂದೆ ಚಾಚಿದ. ಬಕ್ಕಪ್ಪ ಮಾಡಬೇಕಾದದ್ದು ಇಷ್ಟೇ. ಆ ಕೈ ಹಿಡಿದು ಬೆನ್ನು ತಿರುವಿ ಹೆಗಲಿಗೆ ಎಳೆದುಕೊಳ್ಳಬೇಕು. ಅಮೋಲನ ಓದಿನಲ್ಲಿ ಅದನ್ನು ಅವನೂ ನೂರು ಸಲ ಕೇಳಿದ್ದ.

ಅವನ ಕಾಲು ತಿರುಗಲಿಲ್ಲ. ತರುಣನ ಕೈ ತಾಗಿದ ಕೂಡಲೇ ಅವನ ಬಲಗೈ ತಾನೇ ಸಡಿಲಾಗಿ ಮುಂದಕ್ಕೆ ಹೋಯಿತು. ಗದ್ದ ಎದೆಗೆ ಹತ್ತಿತು. ಬೆನ್ನು ಗುಂಡಗಾಯಿತು, ಎಡಗೈ ಹಿಂದೆ ಹೋಗಿ ನೆಲವನ್ನು ತಡಕಿತು. ಎತ್ತಿ ಒಗೆಯುವವನು ಹಾಗೆ ನಿಲ್ಲುವುದಿಲ್ಲ. ಒಗೆಸಿಕೊಂಡವನು, ಕುತ್ತಿಗೆ ಮುರಿಯದಿರಲೆಂದು, ಗಾಳಿಯಲ್ಲಿ ಹಾಗೆ ಮುದುಡಿಕೊಳ್ಳುತ್ತಾನೆ. ಮುಂದಿನ ಸಾಲಿನ ಹಳೆಯ ಪೈಲ್ವಾನರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವರು ತಲೆ ತಗ್ಗಿಸಿದರು. ಅವರನ್ನು ನೋಡಿ ಹಿಂದಿನವರು ಸುಮ್ಮನಾದರು, ಅವರನ್ನು ನೋಡಿ ಅವರ ಹಿಂದಿನವರು.

ಅಜ್ಜನಿಗೆ ವಯಸ್ಸಾಗಿದೆ, ಇರಲಿ, ಚಪ್ಪಾಳೆ ತಟ್ಟಿ ಎಂದು ಅಮೋಲ್ ತೊದಲಿದ. ಬಕ್ಕಪ್ಪ ಮೆಲ್ಲಗೆ ನೆಟ್ಟಗಾದ. ಮೈಕು ಬೇಕಾಗಲಿಲ್ಲ, ಬಯಲು ಅಷ್ಟು ನಿಶ್ಶಬ್ದವಾಗಿತ್ತು.

"ಈ ಡಾವ ನಾ ಹಾಕಿದ್ದಲ್ಲರಿ. ನನ್ನ ಮ್ಯಾಲ ಹಾಕಿದ್ದು. ಹಾಕಿದಾಂವ ಅಲ್ಲಿ ಬೇವಿನ ಗಿಡದ ಬುಡಕ ಕೂತಾನ."

ಬಕ್ಕಪ್ಪ ಅಜರನನ್ನು ಮೊದಲೇ ನೋಡಿದ್ದ. ಅಯ್ಯುಬನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಮುಚ್ಚಿಡುವುದೇನು, ಕುಣಿಯಬೇಕೆನಿಸಿತು. ವೇದಿಕೆಯಿಂದ ಹಾರಿ ಜನರನ್ನು ತಳ್ಳಿಕೊಂಡು ಮಾಮುವಿನ ಕಡೆ ಓಡಿದ. ಅಷ್ಟರಲ್ಲಿ ಜನ ಅಲ್ಲಿಗೇ ನುಗ್ಗಿದ್ದರು. ಗೆದ್ದೆತ್ತಿನ ಬಾಲ ಹಿಡಿಯಲು ನಮ್ಮವರಿಗೆ ಹೇಳಿಕೊಡಬೇಕೇ? ಅಮೋಲ್ ಬಕ್ಕಪ್ಪನಿಗೆಂದು ತಂದಿದ್ದ ಶಾಲನ್ನೇ ತಂದು ಅಜರನ ಹೆಗಲಿಗೆ ಹೊದಿಸಿದ. ಹುಡುಗರು ಫೋಟೋ ತೆಗೆದರು. ಗೆದ್ದಿರಿ ಮಾಮು, ನೋಡಿ, ಎಲ್ಲರ ಬಾಯಲ್ಲೂ ನಿಮ್ಮದೇ ಹೆಸರು ಎಂದು ಅಯ್ಯುಬ ಕೈ ಹಿಡಿದ.

ಮಾಮು ಆ ಕೈ ಬಿಡಿಸಿಕೊಂಡ. ಅವನು ನೋಡುತ್ತಿದ್ದದ್ದು ಕಣದ ಕಡೆಗೆ. ಬಕ್ಕಪ್ಪ ಒಬ್ಬನೇ ಬಗ್ಗಿ ತನ್ನ ಚಪ್ಪಲಿ ಹುಡುಕುತ್ತಿದ್ದ. ಬೆಳಿಗ್ಗೆ ಅವನ ಕಾಲಿಗೆ ಬಿದ್ದಿದ್ದ ಹುಡುಗರು ಪಕ್ಕದಲ್ಲೇ ನಿಂತು ಬೇರೆ ಕಡೆ ನೋಡುತ್ತಿದ್ದರು. ಚಿತ್ ಬಕ್ಕ್ಯಾ ಎಂದು ಒಬ್ಬ ಸಣ್ಣಗೆ ಅಂದ, ಇನ್ನೊಬ್ಬ ನಗೆ ತಡೆದುಕೊಂಡ. ಬಕ್ಕಪ್ಪನ ಮಗ ದೂರದಲ್ಲಿ, ಅಪ್ಪನ ಕಡೆ ಬೆನ್ನು ಮಾಡಿ, ಬಯಲು ದಾಟಿ ಹೋಗುತ್ತಿದ್ದ.

ಅಜರ ಪೈಲ್ವಾನ ಶಾಲು ತೆಗೆದು ಅಮೋಲನ ಕೈಗೆ ಕೊಟ್ಟು ಕಣಕ್ಕೆ ನಡೆದ. ಬಕ್ಕಪ್ಪನ ಒಂದು ಚಪ್ಪಲಿ ಸಿಕ್ಕಿತ್ತು, ಇನ್ನೊಂದನ್ನು ಇವನು ಹುಡುಕಿ ಅವನ ಕಾಲ ಮುಂದಿಟ್ಟ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಜರ ಕೈ ಎತ್ತಿ ಅವನ ಕುತ್ತಿಗೆಯ ಹಿಂದೆ ಇಟ್ಟ, ಕುಸ್ತಿಗೆ ಮೊದಲು ಹಿಡಿಯುವ ಹಾಗೆಯೇ, ಆದರೆ ಎಳೆಯಲಿಲ್ಲ. ಬಕ್ಕಪ್ಪನ ಕಣ್ಣಿನಿಂದ ನೀರಿಳಿಯಿತು. ಅಜರನ ಕಣ್ಣಿನಿಂದಲೂ ಇಳಿಯಿತು.

ಹಿಂದೆಯೇ ಬಂದು ನಿಂತಿದ್ದ ಅಯ್ಯುಬನ ಕಡೆ ಮಾಮು ತಿರುಗಿದ. ಅಳಿಯನ ಜೊತೆ ಯಾವಾಗಲೂ ದಖನಿಯಲ್ಲಿ ಮಾತಾಡುವವನು ಈಗ ಬಕ್ಕಪ್ಪನಿಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದ.

"ನಾ ಇವನಿಗಿ ಒಂದೇ ಸಲ ಕೆಡವಿದ್ದೆ, ಅದೂ ಪರ ಊರಾಗ. ನೀ ಇವತ್ತ ಇವನ ಮಂದಿ ಮುಂದ ಕೆಡವಿದಿ."

ಬಕ್ಕಪ್ಪ ಒಬ್ಬನೇ ಊರೊಳಗೆ ಕಾಲಿಡುವುದು ಬೇಡ, ಇವತ್ತು ನಾನು ಇವನ ಸಂಗಡ ಎಕಂಬಾಕ್ಕೆ ಹೋಗಿ ಅಲ್ಲೇ ಉಣ್ಣುತ್ತೇನೆ, ನಿನ್ನ ಮುಮಾನಿಗೆ ಫೋನು ಮಾಡಿ ಹೇಳು ಎಂದ ಮಾಮು. ಬಕ್ಕಪ್ಪ ಬೇಡವೆನ್ನಲಿಲ್ಲ. ಇಬ್ಬರು ಮುದುಕರು ಜನರ ನಡುವೆ ದಾರಿ ಮಾಡಿಕೊಂಡು ಟಂಟಂ ನಿಲ್ಲುವ ಕಡೆ ಹೊರಟರು. ಅಯ್ಯುಬ ನಾಲ್ಕು ಹೆಜ್ಜೆ ಓಡಿ, ನಾನೂ ಬರುತ್ತೇನೆ ಮಾಮು ಎಂದ.

ಅಜರ ಪೈಲ್ವಾನ ನಿಂತು, ಹಿಂದಿರುಗಿ ನೋಡಿದ.

"ನೀ ಬ್ಯಾಡ. ನೀ ಬಂದ್ರ ಬರೀತಿ."